ಸುಲಭವಾದ ಪುಸ್ತಕ

ಅತ್ತೆ ಸೊಸೆ ಇಬ್ಬರೂ ಮಾತಿಲ್ಲದೆ ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಹಗಲು ಸೊಸೆ ಯಾರ ಹತ್ತಿರ ಏನು ಮಾತಾಡಿದರೂ ಸಂಜೆಯೊಳಗೆ ಗಂಡನಿಗೆ ಗೊತ್ತಾಗಿಬಿಡುತ್ತಿತ್ತು. ಅವನ ಕಿವಿಗೆ ಹಾಕುತ್ತಿರುವುದು ಅತ್ತೆಯೋ, ಅವನೇ ಕೊಡಿಸಿದ ಮೊಬೈಲೋ ತಿಳಿಯದೆ, ಮಧ್ಯಾಹ್ನ ಬಚ್ಚಲಿನ ಚಿಲಕ ಹಾಕಿಕೊಂಡು, ಮೊಬೈಲು ಒಳಗೊಳಗೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಸುವ ಸುಲಭವಾದ ಪುಸ್ತಕವನ್ನು ಅದರಲ್ಲೇ ಟೈಪ್ ಮಾಡಿ ಹುಡುಕಿದ್ದಳು. ಯಾರಿಗೂ ಹೇಳಿರಲಿಲ್ಲ. ಹುಡುಕಿದ್ದನ್ನು ಅಳಿಸಿಯೂ ಇದ್ದಳು.

ಗಂಡ ಬಂದವನೇ ಅವಳ ಮಡಿಲಿಗೆ ಒಂದು ಕವರ್ ಹಾಕಿದ.

“ಸೀರೆ ತಂದ್ಯೇನೋ?” ಎಂದರು ಅತ್ತೆ.

“ಪುಸ್ತಕ ಕಣಮ್ಮ. ಮೊಬೈಲಿನ ಆಪರೇಟಿಂಗ್ ಸಿಸ್ಟಂ ಬಗ್ಗೆ.”

“ಅಡುಗೆ ಪುಸ್ತಕ ತರಬಾರದಿತ್ತಾ? ಸಾರಿಗೆ ಉಪ್ಪು ಹಾಕೋದಾದ್ರೂ ಕಲೀತಿದ್ಲು.”

ಅವನು ನಗುತ್ತಾ ಹೆಂಡತಿಯ ಪಕ್ಕ ಕೂತ. “ಮೂರು ಅಂಗಡಿ ಸುತ್ತಿದೆ ಕಣೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವರಿಗೂ ಅರ್ಥ ಆಗೋ ಹಾಗಿರಬೇಕು ಅಂತ ಬರೆದಿದ್ದೆಯಲ್ಲ, ಅಂಥದ್ದು ಸಿಗೋದು ಕಷ್ಟ.”

ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆ ತಲೆ ಎತ್ತಲಿಲ್ಲ.

“ಅತ್ತೆ, ನನ್ನನ್ನ ಇವತ್ತೇ ಅಮ್ಮನ ಮನೆಗೆ ಕಳಿಸಿಕೊಡಿ.”