ಕಂಬಳಿಯ ಮರೆಯ ಬೆರಳು

ಹುಣಿಸೆ ಕುಟ್ಟುವ ಪಾಪಕ್ಕ ಕಂಬಳಿ ಮುಚ್ಚಿದ ಕೈಯನ್ನು ಮುಂದೆ ಚಾಚಿದಾಗ ಅವಳು ಕೂಲಿಗಿದ್ದ ಮಂಡಿಯ ಸಾಹುಕಾರ ತಿಪ್ಪೇರುದ್ರಪ್ಪ ಬೆಚ್ಚಿಬಿದ್ದ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ರೇಟು ಕುದುರಿಸುವುದು ಹಿಂದೂಪುರದಲ್ಲಿ ಗಂಡಸರ ವ್ಯಾಪಾರ.

"ಏಮ್ಮಾ, ಇದೇನು?"

"ಬ್ಯಾಂಕು ಮುಳುಗಿ ನಿಮ್ಮ ಮಂಡಿ ಮುಚ್ಚೋಯ್ತು. ನಮ್ಮ ಹೊಟ್ಟೆ ಮುಚ್ಚುತ್ತಾ? ಹೆಂಗಸ್ರೆಲ್ಲ ಸೇರಿ ಹುಣಿಸೆಹಣ್ಣು ಕೊಟ್ಟು ರೊದ್ದಂನಿಂದ ರಾಗಿ, ಕಲ್ಯಾಣದುರ್ಗದಿಂದ ಕಂಬಳಿ ತರಿಸ್ಕಂತೀವಿ. ತೂಗಕ್ಕೆ ಒಬ್ಬ ಆಳು ಬೇಕು. ಕೂಲಿ ರಾಗೀಲಿ. ಕೈ ಇಕ್ಕಿ, ಸಾವ್ಕಾರ್ರೆ."

"ಆಳಾ? ನಾನಾ?"

ಅವನ ಮನೆಯಲ್ಲಿ ನಿನ್ನೆಯಿಂದ ಒಲೆ ಹಚ್ಚಿರಲಿಲ್ಲ. ಕೈ ತಾನಾಗಿ ಕಂಬಳಿಯೊಳಗೆ ಹೋಗಿ ನಾಲ್ಕು ಬೆರಳು ಚಾಚಿತು.

ಪಾಪಕ್ಕ ಎರಡನ್ನು ಮಡಚಿದಳು. ಉಳಿದದ್ದು ದಿನಕ್ಕೆ ಎರಡು ಸೇರು ರಾಗಿ. ಇಷ್ಟು ವರ್ಷ ಅವಳಿಗೆ ಅವನೇ ಕೊಟ್ಟ ಕೂಲಿ.