ಮಿಷ್ಮಿಷ್‌ನ ಮೂಗು

"ನಾನು ಎಡಗಿವಿ ಕೆರೆದ್ರೆ ಎಡದ ಬಾಲ್ದಿ. ಬಲಗಿವಿ ಕೆರೆದ್ರೆ ಬಲದ್ದು. ಬೆರಳು ಕೆಳಗೆ ಮಾಡಿದ್ರೆ ತಲೆ ತಗ್ಗಿಸಿ ಮೂಸ್ಬೇಕು. ಗೊತ್ತಾಯ್ತಾ?"

ಜಯಪಾಲ ಹೇಳುತ್ತಿದ್ದುದು ನಾಯಿಗೆ. ದುಬೈಯ ಅಲ್ ಮುರಕ್ಕಬಾತ್‌ನ ಕಟ್ಟಡಗಳ ಹಿಂದಿನ ಮರಳು ಮೈದಾನದಲ್ಲಿ ಎರಡು ಬಾಲ್ದಿ ಕವುಚಿಟ್ಟು, ಒಂದರಡಿ ಮೊಲದ ಚರ್ಮ ಅಡಗಿಸಿ, ಬೆಳ್ಳಂಬೆಳಿಗ್ಗೆ ಅವನು ಮಿಷ್ಮಿಷ್‌ಗೆ ಮೋಸ ಕಲಿಸುತ್ತಿದ್ದ. ನಾಯಿ ಒಂದೇ ವಾರದಲ್ಲಿ ಕಲಿತುಬಿಟ್ಟಿತ್ತು.

ಪ್ರಾಮಾಣಿಕ ದಾರಿ ಮೊದಲೇ ಕೈಕೊಟ್ಟಿತ್ತು. ಚರ್ಮವನ್ನು ಮೂಗಿಗೆ ಹಿಡಿದು ಬಿಟ್ಟರೆ ಮಿಷ್ಮಿಷ್ ಕತ್ತು ಎತ್ತಿ, ರಸ್ತೆಯಾಚೆಯ ಕಟ್ಟಡದ ತುತ್ತತುದಿಯಲ್ಲಿ ಕೂತ ಪಾರಿವಾಳ ನೋಡುತ್ತ ನಿಲ್ಲುತ್ತಿತ್ತು. ಕಾಲಬುಡದಲ್ಲಿ ಒಣ ಸೀಗಡಿ ಇಟ್ಟರೂ ಮೂಸದು. ಒಣ ಸೀಗಡಿಯನ್ನು ಮೂಸದ ಪ್ರಾಣಿಯನ್ನು ಜಯಪಾಲ ಹುಟ್ಟಿದ ಮೇಲೆ ಕಂಡಿರಲಿಲ್ಲ. ಬೆಳ್ತಂಗಡಿಯ ಅವನ ಸೋದರಮಾವನ ನಾಯಿ ನೆಲ ಮೂಸುತ್ತ ಹಂದಿಯ ಜಾಡು ಹಿಡಿದು ಗುಡ್ಡೆ ಮೇಲೆ ಗುಡ್ಡೆ ದಾಟುತ್ತಿತ್ತು. "ಮೂಗಿಲ್ಲದ ನಾಯಿ ಸಾಕುವುದಕ್ಕಿಂತ ಬೆಕ್ಕು ಸಾಕು" ಎಂಬುದು ಮಾವನ ವೇದಾಂತ.

ನಾಯಿ ಜಯಪಾಲನದಲ್ಲ. ಅವನು ಯಾರ ಕಾರು ಓಡಿಸುತ್ತಿದ್ದನೋ ಆ ಫ್ರೆಂಚ್ ಸಾಹೇಬ ಕಂಪೆನಿ ಮುಚ್ಚಿ ಹೋಗುವಾಗ ಬಿಟ್ಟುಹೋದದ್ದು. ಕಂಪೆನಿಯ ಜೊತೆ ಜಯಪಾಲನ ವೀಸಾವೂ ಮುಳುಗಿತ್ತು. ಉಳಿದಿದ್ದ ದಾರಿ ಒಂದೇ: ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನ ಉಮರ್. ಬೇಟೆ ನಾಯಿಗಳ ಹುಚ್ಚಿನ ಅರಬ. ನಾಯಿ ಹಿಡಿಸಿದರೆ ಅದನ್ನು ನೋಡಿಕೊಳ್ಳಲು ಆಳೂ ಬೇಕು, ಆಳಿಗೆ ವೀಸಾ ಅವನೇ ಮಾಡಿಸುತ್ತಾನೆ. ಫೋನಿನಲ್ಲಿ ಹಿಂದಿಯಲ್ಲಿ ಒಂದೇ ಮಾತು ಹೇಳಿದ್ದ: "ಮೂಗು ಹೇಗೆ ಅಂತ ನೋಡದೆ ನಾನು ನಾಯಿ ತಗೊಳ್ಳುವುದಿಲ್ಲ."

ಉಮರ್‌ನ ತೋಟಕ್ಕೆ ಹೊರಡುವ ದಿನ ಹೆಂಡತಿ ಪ್ರಫುಲ್ಲಾ ಬುತ್ತಿ ಕಟ್ಟಿಕೊಟ್ಟಳು. ಆಸ್ಪತ್ರೆಯ ರಿಸೆಪ್ಶನಿನಲ್ಲಿ ಅವಳಿಗೆ ಕೆಲಸ ಸಿಕ್ಕಿ, ಮದುವೆಯಾಗಿ ಎಷ್ಟೋ ಕಾಲದ ಮೇಲೆ ಇಬ್ಬರೂ ಒಂದೇ ಸೂರಿನಡಿ ಬಂದು ವರ್ಷವೂ ತುಂಬಿರಲಿಲ್ಲ.

"ಇದು ಆಗದಿದ್ರೆ ಬರುವ ವಾರ ನೀವು ಊರಿಗೆ, ನಾನು ಇಲ್ಲಿ ಒಬ್ಬಳೇ. ನೆನಪುಂಟಲ್ಲ?"

ಜಯಪಾಲ ಬುತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಹೆದರ್ಬೇಡ. ಮಿಷ್ಮಿಷ್ ಪಾಸಾದ್ರೆ ನಾನೂ ಪಾಸು."

"ಮೂಗಿಲ್ಲದ ನಾಯಿಯ ಬಾಲ ಹಿಡ್ಕೊಂಡು ಸಂಸಾರ ಮಾಡ್ಬೇಕಾಯ್ತಲ್ಲ ಮಾರಾಯ್ರೆ!"

ಗೆಳೆಯನ ಪಿಕಪ್ ತಗೊಂಡು ಹೊರಟ. ದಾರಿಯಲ್ಲಿ ಮಿಷ್ಮಿಷ್ ಇದ್ದಕ್ಕಿದ್ದಂತೆ ಸೆಟೆದು ಕೂತು ಬಯಲನ್ನೇ ದಿಟ್ಟಿಸಿತು. ಜಯಪಾಲನಿಗೆ ಅಲ್ಲಿ ಮರಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಬಹಳ ದೂರ ಹೋದ ಮೇಲೆ ಕಂಡಿತು: ಬೇಲಿಗೆ ಸಿಕ್ಕಿ ಒದ್ದಾಡುತ್ತಿದ್ದ ಒಂದು ಪ್ಲಾಸ್ಟಿಕ್ ಚೀಲ. "ನಿನ್ನ ಕಣ್ಣಿಗಷ್ಟು ಬೆಂಕಿ ಬೀಳ" ಎಂದು ಬೈದ.

ತೋಟದಲ್ಲಿ ಉಮರ್ ಕಾದಿದ್ದ. ನಾಯಿಯ ಉದ್ದ ಕಾಲು ಸವರಿದ, ಎದ್ದುಕಂಡ ಪಕ್ಕೆಲುಬು ಮುಟ್ಟಿ ತಲೆದೂಗಿದ. ಕೊನೆಗೆ ಕೇಳಿದ, "ಮೂಗು?"

"ಅರ್ಬಾಬ್," ಅಲ್ಲಿ ಧಣಿಗಳನ್ನು ಕರೆಯುವಂತೆ ಕರೆದ ಜಯಪಾಲ, "ಇಂಥ ಮೂಗು ಇಡೀ ದುಬೈಯಲ್ಲಿ ಇಲ್ಲ!"

ಉಮರ್‌ನ ಹುಬ್ಬು ಗಂಟಿಕ್ಕಿತು. "ಹೌದಾ? ತೋರಿಸು."

ಜಯಪಾಲ ಪಿಕಪ್‌ನಿಂದ ಬಾಲ್ದಿಗಳನ್ನು ಇಳಿಸಿ ಕವುಚಿಟ್ಟ. ಚರ್ಮ ಅಡಗಿಸಲು ಉಮರ್ ತನ್ನ ಆಳುಗಳನ್ನೂ ಕರೆಯಲಿಲ್ಲ. ನೀನೇ ಅಡಗಿಸು ಎಂದ. ಇಂಥ ಪೆದ್ದ ಪರೀಕ್ಷಕ ಎಸೆಸೆಲ್ಸಿಯಲ್ಲಿ ಸಿಕ್ಕಿದ್ದರೆ ತಾನು ಎಲ್ಲೋ ಇರುತ್ತಿದ್ದೆ ಎಂದುಕೊಂಡ ಜಯಪಾಲ.

ಬೆರಳು ಕೆಳಗಾಯಿತು. ಮಿಷ್ಮಿಷ್ ತಲೆ ತಗ್ಗಿಸಿತು. ನೆಲ ಮೂಸುತ್ತ, ನಡುನಡುವೆ ಓರೆಗಣ್ಣಿನಿಂದ ಅವನನ್ನು ನೋಡುತ್ತ ಹೊರಟಿತು. ಜಯಪಾಲ ಬಲಗಿವಿ ಕೆರೆದ. ಬಲದ ಬಾಲ್ದಿ ಉರುಳಿತು. ಜಯಪಾಲನಿಗೆ ಕುಣಿಯುವಷ್ಟು ಖುಷಿ.

ಉಮರ್ ಕಪ್ಪು ಕನ್ನಡಕ ತೆಗೆದ. "ಚಂದದ ನಾಯಿ. ಛೆ, ಹಾಳಾಗಿದೆ."

"ಅರ್ಬಾಬ್?"

"ಇದು ಸಲೂಕಿ. ಕಣ್ಣಿನಿಂದ ಬೇಟೆಯಾಡುವ ಜಾತಿ. ಬಯಲಲ್ಲಿ ತಲೆ ಎತ್ತಿಯೇ ಓಡಬೇಕು. ಇದು ನೆಲ ಮೂಸುವಷ್ಟರಲ್ಲಿ ಮೊಲ ಒಮಾನ್ ತಲುಪಿರುತ್ತದೆ. ಮೂಗಿನ ಚಾಳಿ ಇರುವ ನಾಯಿ ನನಗೆ ಬೇಡ. ಖಲಾಸ್."

ಜಯಪಾಲನ ಕಣ್ಣಮುಂದೆ ಪ್ರಫುಲ್ಲಾಳ ಮುಖ ಬಂತು. ಇನ್ನು ಮುಚ್ಚಿಟ್ಟು ಏನು ಫಲ? "ಇದಕ್ಕೆ ಮೂಗೇ ಇಲ್ಲ ಅರ್ಬಾಬ್! ಒಣ ಸೀಗಡಿಯನ್ನೂ ಮೂಸುವುದಿಲ್ಲ! ನನ್ನ ಬೆರಳು ನೋಡಿಕೊಂಡು ಹೋದದ್ದು! ಮೂಸುವ ನಾಟಕ ನಾನೇ ಕಲಿಸಿದ್ದು!"

ಉಮರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಾಲ್ದಿಗಳನ್ನು ಮತ್ತೆ ಕವುಚಿ, ನಾಯಿಯನ್ನು ತನ್ನ ಬಳಿಯೇ ನಿಲ್ಲಿಸಿಕೊಂಡು, ತೋಟದ ಆ ತುದಿಯ ಗೇಟಿಗೆ ಹೋಗಿ ನಿಂತು ಸನ್ನೆ ಮಾಡು ಎಂದ. ಅಲ್ಲಿಂದ ಉಮರ್ ಬೆಂಕಿಕಡ್ಡಿಯಷ್ಟೇ ಕಾಣುತ್ತಿದ್ದ. ಜಯಪಾಲ ಎಡಗಿವಿ ಕೆರೆದ. ಮಿಷ್ಮಿಷ್ ತಲೆ ಎತ್ತಿಕೊಂಡು ನೇರವಾಗಿ ಎಡದ ಬಾಲ್ದಿಗೆ ಹೋಯಿತು.

ಜಯಪಾಲ ಏದುಸಿರು ಬಿಡುತ್ತ ಓಡಿ ಬರುವಾಗ ಉಮರ್ ಹೊಟ್ಟೆ ಕುಣಿಸಿ ನಗುತ್ತಿದ್ದ. ನಾಯಿಯ ಹಣೆಗೆ ಮುತ್ತಿಟ್ಟ. "ಎಂಥ ಕಣ್ಣು! ಇವತ್ತಿನಿಂದ ಇದು ನನ್ನದು. ಎಸಿ ಕೋಣೆ ತಯಾರಿದೆ."

ಜಯಪಾಲನಿಗೆ ಹೋದ ಜೀವ ಬಂತು. "ನನ್ನ ವೀಸಾ, ಅರ್ಬಾಬ್?"

"ನಿನ್ನದಾ?" ಉಮರ್‌ನ ನಗು ನಿಂತಿತು. "ಸಲೂಕಿಗೆ ನೆಲ ಮೂಸಲು ಕಲಿಸಿದವನನ್ನು ಅದರ ಹತ್ತಿರ ಬಿಡಲಿಕ್ಕೆ ನನಗೇನು ಹುಚ್ಚೇ? ಯಲ್ಲಾ, ಹೊರಡು."

ಪಿಕಪ್‌ನಲ್ಲಿ ಕೂರುತ್ತಿದ್ದಂತೆ ಫೋನು ಬಂತು. "ಎಂತಾಯ್ತು ಮಾರಾಯ್ರೆ? ಪಾಸಾ?" ಪ್ರಫುಲ್ಲಾ ಕೇಳಿದಳು.

"ನಾಯಿ ಪಾಸು" ಎಂದ ಜಯಪಾಲ.