ಎಂಟುನೂರ ನಾಲ್ಕು

ಗಿಯರಿನ ಗ್ರೀಸ್ ಒರೆಸುತ್ತಿದ್ದ ಡ್ರೈವರ್ ಹಾಲ್ವೊರ್‌ನ ಕೈ ಅಲ್ಲೇ ನಿಂತಿತು. ದಿಮ್ಮಿ ಸಾಗಿಸಲು ಕ್ಯಾಂಪಿಗೆ ನಿನ್ನೆಯಷ್ಟೇ ಬಂದ ಹೊಚ್ಚ ಹೊಸ ಉಗಿ ರೈಲು ಎಂಜಿನ್ ಅದು. ಮುಂದಿನ ಹಿತ್ತಾಳೆ ಫಲಕದಲ್ಲಿ 2611 ಎಂದಿತ್ತು. ಈ ಗಿಯರಿನ ಬೆನ್ನ ಮೇಲೆ ಒತ್ತಿದ್ದು ಮಾತ್ರ 804.

ಕಾರ್ಖಾನೆಯವರು ಶುರುವಿನಿಂದಲೂ ಎಂಜಿನ್ನಿಗೊಂದು ಸಂಖ್ಯೆ ಕೊಟ್ಟು, ಅದನ್ನೇ ಅದರ ಬಿಡಿಭಾಗಗಳ ಮೇಲೆಲ್ಲ ಒತ್ತುತ್ತಿದ್ದರು. 804 ತಯಾರಾದಾಗ ಹಾಲ್ವೊರ್ ಇನ್ನೂ ನಾರ್ವೆಯಲ್ಲಿ ಮೀನು ಹಿಡಿಯುತ್ತಿದ್ದ. ಮುದುಕಿಗೆ ಬಣ್ಣ ಬಳಿದು ಮದುಮಗಳು ಅಂತ ಕಳಿಸಿದ್ದಾರೇನೋ ಎಂಬ ಗುಮಾನಿ ಅವನಿಗೆ.

ಎಂಜಿನ್ ಮಾರಿದ ದಲ್ಲಾಳಿ ಅದನ್ನು ಜೋಡಿಸಲು ಕಳಿಸಿದ್ದ ಪ್ರೂಯಿಟ್‌ನನ್ನು ಕರೆದು ತೋರಿಸಿದ. ಒಂದು ಗಿಯರ್ ಕಮ್ಮಿ ಬಿತ್ತು, ಗೋದಾಮಿನಲ್ಲಿದ್ದ ಹಳೆಯದನ್ನು ಹಾಕಿದೆವು, ಅಷ್ಟೇ ಎಂದ ಅವನು. ಹಾಲ್ವೊರ್ ಸುಮ್ಮನಿರುವ ಆಸಾಮಿಯಲ್ಲ. ಪಕ್ಕದ ಗಿಯರಿನ ಬಣ್ಣ ಕೆರೆದ. ಅಡಿಯಲ್ಲಿ, ಸಂಖ್ಯೆ ಇರಬೇಕಾದ ಜಾಗದಲ್ಲಿ, ಅರ ಹಾಕಿ ಉಜ್ಜಿದ ಗೀರುಗಳಿದ್ದವು.

ಕ್ಯಾಂಪಿನ ಮೇಲಧಿಕಾರಿ ಬರ್ಡ್‌ಸಾಲ್ ಇದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ. ಕೆಳಗೆ ಗರಗಸದ ಮಿಲ್ಲು ಖಾಲಿ ಕೂತಿದೆ, ನೀನು ಪುಕ್ಕಲನಾದರೆ ಬೇರೆ ಡ್ರೈವರನ್ನು ಕೂರಿಸುತ್ತೇನೆ ಎಂದು ಗದರಿ ಹೋದ.

"ಇಳಿಜಾರಲ್ಲಿ ಗಿಯರ್ ಹಲ್ಲು ಮುರಿದ್ರೆ ಗಾಡಿ ಯಾರ ಮಾತೂ ಕೇಳಲ್ಲ ಕಣಯ್ಯಾ," ಎಂದ ಹಾಲ್ವೊರ್ ಪ್ರೂಯಿಟ್‌ನ ಕಡೆ ತಿರುಗಿ. "ಎಂಜಿನ್ ಹಿಂದಿನ ದಿಮ್ಮಿ ಬಂಡಿ ಮೇಲೆ ಬ್ರೇಕ್ ತಿರುಗಿಸೋನು ನನ್ನ ಅಳಿಯ. ನಿಜ ಹೇಳಿಬಿಡು."

"ಮೊದಲನೇ ಲೋಡಿಗೆ ಜೋಡಿಸಿದೋನೂ ಜೊತೇಲಿ ಹೋಗ್ಬೇಕು ಅನ್ನೋದು ಪದ್ಧತಿ ಅಲ್ವಾ ಮಾರಾಯ? ನಿನ್ನ ಪಕ್ಕದಲ್ಲೇ ಕೂತ್ಕೋತೀನಿ. ಸಾಯೋಕೆ ನನಗೇನು ಹುಚ್ಚಾ?"

ಸುಮ್ಮನೆ ಒಬ್ಬನನ್ನು ಕಳ್ಳನೆಂದುಕೊಂಡೆನೇ ಎಂದು ಹಾಲ್ವೊರ್‌ಗೆ ನಾಚಿಕೆಯಾಯಿತು. ಎಂಜಿನ್ನಿನ ಒಲೆ ಹೊತ್ತಿಸಿದ. ಉಗಿ ಏರಿತು. ಅಳಿಯ ಬಂಡಿ ಹತ್ತಿ ಕೈಬೀಸಿದ. ಪ್ರೂಯಿಟ್ ಕಾಫಿ ಕುಡಿಯಲು ಅಡುಗೆಮನೆಯತ್ತ ಹೋಗಿದ್ದ. ಹಾಲ್ವೊರ್ ಅವನನ್ನು ಕರೆಯೋಣವೆಂದು ಕಿಟಕಿಯಿಂದ ತಲೆ ಹೊರಹಾಕಿದ.

ಪ್ರೂಯಿಟ್ ಬಾಗಿಲಲ್ಲಿ ನಿಂತು ಜೇಬಿನ ಗಡಿಯಾರ ತೆಗೆದು ಅಡುಗೆಯವನ ಕೈಗಿಟ್ಟ. ಎರಡು ಹೆಜ್ಜೆ ಬಂದವನು ಮತ್ತೆ ಹಿಂದಿರುಗಿದ. ಬೆರಳಿಗೆ ಎಂಜಲು ಹಚ್ಚಿ ಮದುವೆಯ ಉಂಗುರ ಬಿಚ್ಚಿ, ಅದನ್ನೂ ಕೊಟ್ಟ.

ಹಾಲ್ವೊರ್ ಅಳಿಯನಿಗೆ ಇಳಿಯೆಂದು ಕೂಗಿ, ಒಲೆಯ ಕೆಂಡವನ್ನೆಲ್ಲ ಎಳೆದು ಹಳಿಯ ಮೇಲೆ ಸುರಿದ.